ಮರೆವಿನ ಕಾಯಿಲೆ ಇರುವ ಅಮ್ಮನನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದೇನೆ. ಈ ಒಂಟಿತನಕ್ಕೆ ಯಾವ ಆ್ಯಪ್, ಯಾವ ಆನ್‌ಲೈನ್ ಗುಂಪು ಒಳ್ಳೆಯದು?

ಅಣ್ಣ, ತಂಗಿ ದೂರದಲ್ಲಿದ್ದಾರೆ, ಅಮ್ಮನನ್ನು ಬಿಟ್ಟು ಹೊರಗೆ ಕಾಲಿಡಲು ಆಗುವುದಿಲ್ಲ, ಮಾತಾಡಲು ಫೋನು ಬಿಟ್ಟರೆ ಬೇರೆ ಗತಿ ಇಲ್ಲ, ಅದಕ್ಕೇ ಒಂದು ಒಳ್ಳೆಯ ಆ್ಯಪ್ ಹೇಳಿ ಎಂದು ಕೇಳಿದ್ದೀರಿ. ನಾನೂ ಹೀಗೇ ಹುಡುಕಿದವಳು. ಹೆಸರುಗಳನ್ನು ಹೇಳುತ್ತೇನೆ, ಆದರೆ ಆಮೇಲೆ. ಮೊದಲು ನನಗಾದದ್ದನ್ನು ಕೇಳಿ.

ನನ್ನಮ್ಮನಿಗೆ ಆಲ್‌ಝೈಮರ್ ಎಂದು ಗೊತ್ತಾಗುವ ಹೊತ್ತಿಗೆ ಅಪ್ಪ ಇರಲಿಲ್ಲ. ಅಣ್ಣನಿಗೆ ಅವನ ಸಂಸಾರ, ತಂಗಿಗೆ ಅವಳ ಕೆಲಸ. ಮದುವೆಯಾಗದ ನಾನು ಉಳಿದೆ. ಹೀಗೇ ಆಗಬೇಕು ಎಂದು ಯಾರೂ ಕೂತು ತೀರ್ಮಾನ ಮಾಡಲಿಲ್ಲ, ಆದರೆ ಹಾಗೇ ಆಯಿತು. ಡಿಮೆನ್ಷಿಯಾ, ಅಂದರೆ ಆಲ್‌ಝೈಮರ್‌ನಂಥ ಮರೆವಿನ ಕಾಯಿಲೆ, ಇರುವವರ ಆರೈಕೆಗೆ ಮನೆಯವರು ಕೊಡುವ ಸಮಯದಲ್ಲಿ ಶೇ 70ರಷ್ಟು ಹೆಂಗಸರದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಮನೆಯಲ್ಲಿ ಅದು ಪೂರ್ತಿ ನೂರಾಗಿತ್ತು.

ಕೆಲಸ ಬಿಟ್ಟೆ. ಫೋನಿಗೆ ಒಂದೊಂದೇ ಆ್ಯಪ್ ಹಾಕಿಕೊಂಡೆ. ಮಾತ್ರೆಯ ಹೊತ್ತಿಗೆ ಕೂಗುವುದು ಒಂದು, ನಿದ್ದೆಯ ಲೆಕ್ಕಕ್ಕೆ ಒಂದು, ಬಿಪಿ, ತೂಕ ಬರೆದಿಡಲು ಇನ್ನೊಂದು. ಜೊತೆಗೆ ಮನೆಯವರ ವಾಟ್ಸಾಪ್ ಗುಂಪು. ದಿನಾ ರಾತ್ರಿ ಅಮ್ಮ ಮಲಗಿದ ಮೇಲೆ ಆ ಗುಂಪಿಗೆ ವರದಿ ಹಾಕುತ್ತಿದ್ದೆ. "ಇವತ್ತು ಚೆನ್ನಾಗಿ ಊಟ ಮಾಡಿದರು. ಬಿಪಿ ಸರಿಯಿದೆ. ಸಂಜೆ ಸ್ವಲ್ಪ ಹಟ. ಈಗ ಮಲಗಿದ್ದಾರೆ." ಅಣ್ಣ ಕೈಮುಗಿಯುವ ಚಿತ್ರ ಹಾಕುತ್ತಿದ್ದ, ತಂಗಿ ಹೃದಯದ ಚಿತ್ರ. ಚಿಕ್ಕಮ್ಮ "ನಿನ್ನಂಥ ಮಗಳು ಸಿಗೋದಕ್ಕೆ ಪುಣ್ಯ ಮಾಡಿರಬೇಕು" ಎಂದು ಬರೆಯುತ್ತಿದ್ದರು. ಅದನ್ನು ಓದಿಕೊಂಡು ಮಲಗುತ್ತಿದ್ದೆ. ನನ್ನ ಬೆನ್ನಿಗೆ ಜನ ಇದ್ದಾರೆ ಅನ್ನಿಸುತ್ತಿತ್ತು.

ಆ ವರದಿಗಳೇ ನನ್ನ ತಪ್ಪು. ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ನೀವೂ ದಿನಾ ಅಪ್‌ಡೇಟ್ ಹಾಕುತ್ತಿದ್ದೇನೆ ಎಂದು ಬರೆದಿದ್ದೀರಿ.

"ಸಂಜೆ ಸ್ವಲ್ಪ ಹಟ" ಅಂದರೆ ಏನು ಗೊತ್ತೇ? ಕತ್ತಲಾಗುತ್ತಿದ್ದಂತೆ ಅಮ್ಮ ನನ್ನನ್ನು ಮನೆಗೆ ನುಗ್ಗಿದ ಕಳ್ಳಿ ಅಂದುಕೊಂಡು ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದರು. ತಮ್ಮ ಅಮ್ಮನ ಹತ್ತಿರ ಹೋಗಬೇಕೆಂದು ಬಾಗಿಲ ಚಿಲಕ ಹಿಡಿದು ಅಳುತ್ತಿದ್ದರು. ಇದೆಲ್ಲ ಆ ಮೂರು ಪದಗಳೊಳಗೆ ಮುಚ್ಚಿಹೋಗುತ್ತಿತ್ತು. ಯಾಕೆ ಹಾಗೆ ಬರೆದೆ? ದೂರದಲ್ಲಿರುವವರಿಗೆ ಸುಮ್ಮನೆ ಆತಂಕ ಯಾಕೆ ಅನ್ನುವುದು ಒಂದು. ನಾನು ಸಂಭಾಳಿಸುತ್ತೇನೆ ಅನ್ನುವ ಹೆಮ್ಮೆ ಇನ್ನೊಂದು. ಎಲ್ಲಕ್ಕಿಂತ ಹೆಚ್ಚಾಗಿ ಭಯ. ನಿಜ ಹೇಳಿದರೆ "ಹಾಗಾದರೆ ಎಲ್ಲಾದರೂ ಸೇರಿಸಿಬಿಡೋಣ" ಅಂದಾರು ಎಂದು. ಆಮೇಲೊಮ್ಮೆ ಆ ಗುಂಪನ್ನು ಮೊದಲಿನಿಂದ ಓದಿದೆ. ನನ್ನ ಸಂದೇಶಗಳಲ್ಲಿ ಒಂದೇ ಒಂದು ಪ್ರಶ್ನೆ ಇರಲಿಲ್ಲ. ಏನಾಯಿತು ಎಂದು ಬರೆದಿದ್ದೆ, ಏನು ಬೇಕು ಎಂದು ಒಮ್ಮೆಯೂ ಬರೆದಿರಲಿಲ್ಲ. ಪ್ರತಿ ರಾತ್ರಿಯೂ "ಇಲ್ಲಿ ಯಾರೂ ಬೇಕಿಲ್ಲ" ಎಂದೇ ಅವರಿಗೆ ಹೇಳಿದ ಹಾಗಾಗಿತ್ತು. ಅವರು ನಂಬಿದರು. ನಂಬಿದ್ದು ಅವರ ತಪ್ಪಲ್ಲ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಅಮ್ಮನನ್ನು ಹೇಗೆ ನೋಡಿಕೊಳ್ಳಬೇಕು ಅನ್ನುವುದೆಲ್ಲ ನನ್ನ ತಲೆಯಲ್ಲೇ ಉಳಿಯಿತು. ಆ್ಯಪ್‌ನಲ್ಲಿ ಇದ್ದದ್ದು ಮಾತ್ರೆಯ ಹೆಸರು, ಹೊತ್ತು, ಅಂಕಿಗಳು. ಮಾತ್ರೆ ಕೊಡುವಾಗ ಎದುರು ನಿಲ್ಲಬಾರದು, ಪಕ್ಕದಲ್ಲಿ ಕೂರಬೇಕು. "ನಿಮ್ಮಮ್ಮ ಸತ್ತು ಎಷ್ಟೋ ಕಾಲವಾಯಿತು" ಅನ್ನಬಾರದು, "ಅಜ್ಜಿ ಹೇಗಿದ್ದರು ಹೇಳಮ್ಮ" ಅನ್ನಬೇಕು. ಇದ್ಯಾವುದೂ ಯಾವ ಆ್ಯಪ್‌ನಲ್ಲೂ ಇರಲಿಲ್ಲ.

ಒಂದು ದಿನ ನನಗೆ ಹೊಟ್ಟೆನೋವು ಶುರುವಾಯಿತು. ಅಮ್ಮನನ್ನು ಯಾರ ಕೈಗೆ ಬಿಟ್ಟು ಹೋಗಲಿ ಎಂದು ತಡೆದುಕೊಂಡೆ. ತಡೆದುಕೊಂಡು ಅಪೆಂಡಿಕ್ಸ್ ಒಡೆಯಿತು. ಪಕ್ಕದ ಮನೆಯವರು ಆಸ್ಪತ್ರೆಗೆ ಸೇರಿಸಿದರು, ಅಣ್ಣ ಸಿಕ್ಕಿದ ಗಾಡಿ ಹತ್ತಿ ಬಂದ. ಬಂದವನಿಗೆ ನಾನು ಕೊಡಲಾಗಿದ್ದು ನನ್ನ ಫೋನು, ಅದರೊಳಗಿನ ಮಾತ್ರೆಯ ಪಟ್ಟಿ, ಅಷ್ಟೇ.

ನಮ್ಮ ಬಚ್ಚಲಿನ ಬಾಗಿಲಲ್ಲಿ ಒಂದು ಕಪ್ಪು ಮ್ಯಾಟ್ ಇತ್ತು. ಡಿಮೆನ್ಷಿಯಾದಲ್ಲಿ ಕಣ್ಣು ಸರಿಯಿದ್ದರೂ ಕಂಡದ್ದನ್ನು ಮಿದುಳು ತಪ್ಪಾಗಿ ಗ್ರಹಿಸಬಹುದು. ತಿಳಿ ಬಣ್ಣದ ನೆಲದ ಮೇಲೆ ಕಪ್ಪು ಮ್ಯಾಟ್ ಇದ್ದರೆ ಅದು ಹಳ್ಳದ ಹಾಗೆ ಕಾಣಬಹುದು. ಅಮ್ಮನಿಗೆ ಹಾಗೇ ಕಾಣುತ್ತಿತ್ತು. ಅದಕ್ಕೇ ನಾನದನ್ನು ಮಡಚಿ ಮೂಲೆಗೆ ಇಟ್ಟುಬಿಟ್ಟಿದ್ದೆ. ಯಾಕೆ ಇಟ್ಟೆ ಎಂದು ಯಾರಿಗೂ ಹೇಳಿರಲಿಲ್ಲ. ನೆಲ ಒದ್ದೆಯಿದೆ, ಅಮ್ಮ ಜಾರಿಯಾರು ಎಂದು ಅಣ್ಣ ಆ ಮ್ಯಾಟನ್ನೇ ತಂದು ಹಾಸಿದ. ಅಮ್ಮ ಬಾಗಿಲಲ್ಲೇ ನಿಂತರು. ಅವನು ಕೈ ಹಿಡಿದು "ಬಾಮ್ಮ, ಏನಿಲ್ಲ" ಅಂದ. ಅಮ್ಮ ಆ ಹಳ್ಳವನ್ನು ದಾಟಲು ಉದ್ದಕ್ಕೆ ಕಾಲು ಚಾಚಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಆದರೆ ಅಮ್ಮ ಮತ್ತೆ ನಡೆಯಲಿಲ್ಲ.

ಅಣ್ಣ ಇವತ್ತಿಗೂ ತನ್ನಿಂದ ಆಯಿತು ಅನ್ನುತ್ತಾನೆ. ಅವನು ಮಾಡಿದ್ದು ಕಾಳಜಿಯ ಕೆಲಸ. ಅವನಿಗೆ ತಿಳಿಯಬೇಕಾದ್ದನ್ನು ಮೊದಲೇ ತಿಳಿಸದೆ ಇದ್ದವಳು ನಾನು. ನನ್ನ ಹೊಟ್ಟೆಯ ಗಾಯವೂ ಬೇಗ ಮಾಯಲಿಲ್ಲ. ಅದಕ್ಕೆ ಸೋಂಕೂ ಕಾರಣವಿದ್ದೀತು. ಆದರೆ 1995ರಲ್ಲಿ ಅಮೆರಿಕದ ಸಂಶೋಧಕಿ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವನ್ನು ಆಮೇಲೆ ಓದಿದೆ. ಡಿಮೆನ್ಷಿಯಾ ಇದ್ದ ಸಂಬಂಧಿಕರನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರು, ಹಾಗಲ್ಲದ 13 ಹೆಂಗಸರು, ಎಲ್ಲರ ಚರ್ಮದ ಮೇಲೂ ಒಂದೇ ಅಳತೆಯ ಪುಟ್ಟ ಗಾಯ ಮಾಡಿ ನೋಡಿದರು. ಆರೈಕೆ ಮಾಡುವವರ ಗಾಯ ಮಾಯಲು ಸರಾಸರಿ 9 ದಿನ ಹೆಚ್ಚು ಬೇಕಾಯಿತು. 1999ರಲ್ಲಿ ಷುಲ್ಟ್ಸ್ ಮತ್ತು ಬೀಚ್ ಪ್ರಕಟಿಸಿದ ಇನ್ನೊಂದರಲ್ಲಿ, ಸಂಗಾತಿಯ ಆರೈಕೆಯಿಂದ ಬಳಲಿಹೋಗಿದ್ದ ವಯಸ್ಸಾದವರಿಗೆ ನಾಲ್ಕು ವರ್ಷಗಳಲ್ಲಿ ಸಾವಿನ ಅಪಾಯ ಆರೈಕೆಯ ಹೊಣೆ ಇಲ್ಲದವರಿಗಿಂತ ಶೇ 63ರಷ್ಟು ಹೆಚ್ಚಿತ್ತು. ಹೆದರಿಸಲು ಹೇಳುತ್ತಿಲ್ಲ. "ನನಗೇನೂ ಆಗಲ್ಲ, ಅಮ್ಮನದು ಮುಖ್ಯ" ಎಂದು ನೀವು ಬರೆದ ಸಾಲಿಗೆ ಹೇಳುತ್ತಿದ್ದೇನೆ. ನಿಮಗೆ ಆದರೆ ಅಮ್ಮನಿಗೂ ಆಗುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಒಂಟಿತನಕ್ಕೆ ಆ್ಯಪ್ ಕೇಳಿದ್ದೀರಿ. ನಾನು ಅದನ್ನು ಒಪ್ಪುವುದಿಲ್ಲ. ನಿಮಗಿರುವುದು ಮಾತಿನ ಕೊರತೆಗಿಂತ ಕೈಗಳ ಕೊರತೆ. ಇಡೀ ಕೆಲಸ ಒಬ್ಬಳ ಮೇಲಿದೆ, ಅದಕ್ಕೇ ಹೊರಗೆ ಹೋಗಲಾಗುವುದಿಲ್ಲ, ಅದಕ್ಕೇ ಯಾರೂ ಇಲ್ಲ ಅನ್ನಿಸುತ್ತದೆ. ಕೆಲಸ ಹಂಚದೆ ಮಾತಷ್ಟೇ ಹಂಚಿಕೊಂಡರೆ ಆ ರಾತ್ರಿಗೆ ಹಗುರಾಗುತ್ತದೆ, ಬೆಳಿಗ್ಗೆ ಎಲ್ಲ ಹಾಗೇ ಇರುತ್ತದೆ.

ಇದು ನನ್ನೊಬ್ಬಳ ಅನುಭವವಲ್ಲ. ಇಂಟರ್ನೆಟ್ ಮನೆಮನೆಗೆ ಬರುವ ಮೊದಲೇ ಅಮೆರಿಕದಲ್ಲಿ ಪೆಟ್ರೀಷಿಯಾ ಬ್ರೆನ್ನನ್ ಅನ್ನುವ ನರ್ಸಿಂಗ್ ಸಂಶೋಧಕಿ ಆಲ್‌ಝೈಮರ್ ರೋಗಿಗಳ ಮನೆಯವರಿಗೆ ಕಂಪ್ಯೂಟರ್ ಟರ್ಮಿನಲ್ ಕೊಟ್ಟು, ಕಂಪ್ಯೂಟರ್‌ಲಿಂಕ್ ಅನ್ನುವ ಜಾಲದಲ್ಲಿ ಅವರನ್ನು ಜೋಡಿಸಿದರು. ಮಾಹಿತಿ, ನಿರ್ಧಾರಕ್ಕೆ ನೆರವು, ಒಬ್ಬರಿಗೊಬ್ಬರು ಬರೆದುಕೊಳ್ಳುವ ಜಾಗ, ಎಲ್ಲ ಅದರಲ್ಲಿತ್ತು. ಜನ ಹೆಚ್ಚು ಬಳಸಿದ್ದು ಬರೆದುಕೊಳ್ಳುವ ಜಾಗವನ್ನೇ. 1995ರಲ್ಲಿ ಬಂದ ಫಲಿತಾಂಶದಲ್ಲಿ, ನಿರ್ಧಾರ ತೆಗೆದುಕೊಳ್ಳುವಾಗಿನ ಆತ್ಮವಿಶ್ವಾಸ ಹೆಚ್ಚಿತ್ತು, ಒಂಟಿತನ ಕಡಿಮೆಯಾಗಿರಲಿಲ್ಲ. ಆತ್ಮವಿಶ್ವಾಸ ಸಣ್ಣದೆಂದು ನಾನು ಹೇಳುವುದಿಲ್ಲ. ಆದರೆ ನೀವು ಕೇಳುತ್ತಿರುವುದು ಅದನ್ನಲ್ಲ.

ಹಾಗಾಗಿ ನನ್ನ ಮಾತು ಇದು. ಫೋನನ್ನು ಮೊದಲು ಕೆಲಸ ಹಂಚಲು ಬಳಸಿ. ಒಂದು ಹಾಳೆಯ ಮೇಲೆ ವಾರದ ಕೆಲಸವೆಲ್ಲ ಬರೆಯಿರಿ. ಸ್ನಾನ, ಊಟ ಬಿಟ್ಟುಬಿಡಿ, ಅದಕ್ಕೆ ಪಕ್ಕದಲ್ಲೇ ಮನುಷ್ಯರು ಬೇಕು. ಮಾತ್ರೆ ಮುಗಿಯುವ ಮೊದಲು ತರಿಸುವುದು, ಡಾಕ್ಟರ ಭೇಟಿಗೆ ಸಮಯ ಗೊತ್ತುಮಾಡುವುದು, ಬಿಲ್ಲು ಕಟ್ಟುವುದು, ಬ್ಯಾಂಕಿನ ಕಾಗದಪತ್ರ, ಸಂಜೆ ಅಮ್ಮನ ಜೊತೆ ವಿಡಿಯೋದಲ್ಲಿ ಕೂರುವುದು, ಇಷ್ಟನ್ನೂ ಎಷ್ಟು ದೂರದಿಂದ ಬೇಕಾದರೂ ಮಾಡಬಹುದು. ನಮ್ಮಲ್ಲಿ ಕಾಗದಪತ್ರ, ಔಷಧಿ ಎಲ್ಲ ಅಣ್ಣನ ಪಾಲಿಗೆ ಬಂತು. ತಂಗಿ ಸಂಜೆ ವಿಡಿಯೋದಲ್ಲಿ ಹಳೆಯ ಫೋಟೋ ತೋರಿಸಿ ಅಮ್ಮನನ್ನು ಮಾತಾಡಿಸುತ್ತಿದ್ದಳು, ಆ ಹೊತ್ತಿಗೆ ನಾನು ಪಕ್ಕದ ಕೋಣೆಯಲ್ಲಿ ಕಾಲು ಚಾಚಿ ಮಲಗುತ್ತಿದ್ದೆ. ಅಮ್ಮ ಬಿದ್ದ ಮೇಲೆ ಮಾಡಿದ್ದು ಇದೆಲ್ಲ. ಮೊದಲೇ ಮಾಡಬಹುದಿತ್ತು.

ಇದಕ್ಕೆ ಹೊಸ ಆ್ಯಪ್ ಬೇಕೇ ಎಂದರೆ, ಹೆಚ್ಚಿನವರ ಫೋನಿನಲ್ಲಿ ಈಗಾಗಲೇ ಇರುವ ಗೂಗಲ್ ಕ್ಯಾಲೆಂಡರ್ ಸಾಕು. ಒಂದೊಂದು ಕೆಲಸಕ್ಕೆ ಒಂದು ದಿನ, ಒಂದು ಹೆಸರು. ಇದಕ್ಕೆಂದೇ ಮಾಡಿದ ತಾಣಗಳೂ ಇವೆ. ಲಾಟ್ಸಾ ಹೆಲ್ಪಿಂಗ್ ಹ್ಯಾಂಡ್ಸ್‌ನಲ್ಲಿ ಕೆಲಸದ ಕ್ಯಾಲೆಂಡರ್ ಹಾಕಿದರೆ ಬಳಗದವರು ತಮಗಾಗುವುದನ್ನು ಆರಿಸಿಕೊಳ್ಳುತ್ತಾರೆ. ಬ್ರಿಟನ್ನಿನ ಕೇರರ್ಸ್ ಯುಕೆ ಸಂಸ್ಥೆಯ ಜಾಯಿಂಟ್ಲಿಯೂ ಅದೇ ಬಗೆಯದು. 1997ರಲ್ಲಿ ಶುರುವಾದ ಕೇರಿಂಗ್‌ಬ್ರಿಡ್ಜ್ ಮುಖ್ಯವಾಗಿ ಸುದ್ದಿ ತಿಳಿಸುವ ಜಾಗ. ಸುದ್ದಿ ತಿಳಿಸುವುದನ್ನು ನಾನು ಎರಡನೇ ಸಾಲಿಗೆ ಹಾಕುತ್ತೇನೆ, ಯಾಕೆಂದು ಈಗ ನಿಮಗೆ ಗೊತ್ತಿದೆ.

ಎರಡನೆಯದು, ನಿಮ್ಮ ತಲೆಯಲ್ಲಿರುವುದನ್ನು ಹೊರಗೆ ಹಾಕಿ. ಬರೆಯಲು ಪುರುಸೊತ್ತಿಲ್ಲದಿದ್ದರೆ ಫೋನಿನಲ್ಲಿ ಚಿಕ್ಕಚಿಕ್ಕ ವಿಡಿಯೋ ಮಾಡಿ. ಹಾಸಿಗೆಯಿಂದ ಎಬ್ಬಿಸುವುದು ಹೇಗೆ, ಯಾವ ಲೋಟದಲ್ಲಿ ಕೊಟ್ಟರೆ ನೀರು ಕುಡಿಯುತ್ತಾರೆ, ಸಿಟ್ಟು ಬಂದಾಗ ಏನು ಹೇಳಬಾರದು. ಎಲ್ಲವನ್ನೂ ಒಂದೇ ಫೋಲ್ಡರ್‌ಗೆ ಹಾಕಿ ಅಣ್ಣ, ತಂಗಿಗೆ ತೆರೆದುಕೊಡಿ. ಆದರೆ ಆ ವಿಡಿಯೋ ಆ ಇಬ್ಬರನ್ನು ದಾಟಬಾರದು. ಅಮ್ಮ ಅಳುವುದು, ಬಟ್ಟೆ ಕಳಚುವುದು, ಗಲಿಬಿಲಿಯಾಗಿ ಮಾತಾಡುವುದು, ಇವನ್ನು ಸಾವಿರಾರು ಜನರ ಗುಂಪಿಗೆ ಹಾಕಿ ಸಲಹೆ ಕೇಳುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಆಕೆ ಬೇಡ ಅನ್ನುವ ಸ್ಥಿತಿಯಲ್ಲಿಲ್ಲ, ಆಕೆಯ ಮರ್ಯಾದೆ ನಿಮ್ಮ ಕೈಯಲ್ಲಿದೆ.

ಗುಂಪುಗಳ ಬಗ್ಗೆ ಹೇಳುವುದಾದರೆ, ದೊಡ್ಡ ಗುಂಪುಗಳಲ್ಲಿ ನನಗೆ ನೆಮ್ಮದಿ ಸಿಗಲಿಲ್ಲ. ಕಾಯಿಲೆ ವಾಸಿ ಮಾಡುವ ಪುಡಿ ಮಾರುವವರು ನೇರ ಇನ್‌ಬಾಕ್ಸಿಗೆ ಬರುತ್ತಾರೆ. ಆಲ್‌ಝೈಮರನ್ನು ವಾಸಿ ಮಾಡುವ ಔಷಧಿ ಇವತ್ತಿಗೂ ಇಲ್ಲ, ಇದೆ ಎಂದು ಹೇಳುವವರನ್ನು ಅಲ್ಲೇ ಬ್ಲಾಕ್ ಮಾಡಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಣ್ಣ ವಿಡಿಯೋ ಕೂಟ. ಬೆರಳೆಣಿಕೆಯ ಜನ, ವಾರಕ್ಕೊಮ್ಮೆ ಗೊತ್ತಾದ ಹೊತ್ತು, ನಡೆಸಿಕೊಡಲು ತರಬೇತಾದ ಒಬ್ಬರು. ಅಲ್ಲಿ ಮೊದಲ ಸಲ "ಅಮ್ಮ ಬೇಗ ಹೋಗಿಬಿಡಲಿ ಅನ್ನಿಸುತ್ತದೆ" ಎಂದು ಬಾಯಿಬಿಟ್ಟು ಹೇಳಿದೆ. ಯಾರೂ ಬೆಚ್ಚಿಬೀಳಲಿಲ್ಲ. ನಿಮ್ಮ ಡಾಕ್ಟರನ್ನೋ ಡಿಮೆನ್ಷಿಯಾ ಸಂಸ್ಥೆಯನ್ನೋ ಕೇಳಿದರೆ ಇಂಥ ಕೂಟದ ದಾರಿ ತೋರಿಸುತ್ತಾರೆ. ಅಮ್ಮನ ಮೇಲೆ ಕೈ ಎತ್ತಿಬಿಡುತ್ತೇನೇನೋ, ನನ್ನನ್ನೇ ಮುಗಿಸಿಕೊಂಡುಬಿಡುತ್ತೇನೇನೋ ಅನ್ನುವ ಮಟ್ಟಕ್ಕೆ ಬಂದರೆ ಮಾತ್ರ ವಾರದ ಕೂಟಕ್ಕೆ ಕಾಯಬೇಡಿ. ಆ ಗಳಿಗೆಯಲ್ಲೇ ಸಹಾಯವಾಣಿಗೆ ಫೋನು ಮಾಡಿ.

ಕಲಿಯಲು ವಿಶ್ವ ಆರೋಗ್ಯ ಸಂಸ್ಥೆಯ ಐಸಪೋರ್ಟ್ ಇದೆ. ಆರೈಕೆ ಮಾಡುವವರಿಗೆಂದೇ ಮಾಡಿದ 23 ಪಾಠಗಳು, ನಿಮಗೆ ಬೇಕಾದ ಪಾಠದಿಂದ ಶುರು ಮಾಡಬಹುದು. ನಾನು ಹೇಳುವುದು, ನಡವಳಿಕೆ ಬದಲಾದಾಗ ಏನು ಮಾಡಬೇಕು ಅನ್ನುವ ಭಾಗ ಮೊದಲು. ಇದರಿಂದ ಹೊರೆ ಇಳಿಯುತ್ತದೆಂದು ಮಾತ್ರ ಕಾಯಬೇಡಿ. ಭಾರತದಲ್ಲಿ ಇದನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಹಳ ಜನ ನಡುವೆಯೇ ಬಿಟ್ಟಿದ್ದರು. ಉಳಿದವರಲ್ಲಿ ರೋಗಿಯನ್ನು ನೋಡುವ ದೃಷ್ಟಿ ಸುಧಾರಿಸಿತ್ತು, ಹೊರೆ ಮತ್ತು ಖಿನ್ನತೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಪಾಠ ಕೇಳಲಿಕ್ಕೂ ಯಾರಾದರೂ ಬಂದು ಅಮ್ಮನ ಹತ್ತಿರ ಕೂರಬೇಕಲ್ಲ!

ಅಣ್ಣ, ತಂಗಿ ನಂಬುವುದಿಲ್ಲ ಅನ್ನಿಸಿದರೆ ಜರಿಟ್ ಪ್ರಶ್ನಾವಳಿ ತುಂಬಿ ತೋರಿಸಿ. ಆರೈಕೆಯ ಹೊರೆ ಅಳೆಯಲು ಡಾಕ್ಟರುಗಳೇ ಬಳಸುವಂಥದ್ದು. 22 ಪ್ರಶ್ನೆ, ಒಂದೊಂದಕ್ಕೆ 0ಯಿಂದ 4 ಅಂಕ, ಒಟ್ಟು 88. ನನ್ನ ಅಂಕ ನೋಡಿ ಅಣ್ಣ ತುಂಬ ಹೊತ್ತು ಮಾತಾಡಲಿಲ್ಲ. ವರ್ಷಗಟ್ಟಲೆಯ ನನ್ನ ವರದಿ ಹೇಳದ್ದನ್ನು ಆ ಒಂದು ಅಂಕಿ ಹೇಳಿತ್ತು.

ಇವತ್ತಿನ ಅಪ್‌ಡೇಟ್ ಬದಲು ಇದನ್ನು ಹಾಕಿ. ಹೆಸರು, ಹೊತ್ತು ನೀವೇ ತುಂಬಿಕೊಳ್ಳಿ: "ಅಣ್ಣಾ, ಸಂಜೆಯ ಹೊತ್ತು ಅಮ್ಮ ನನಗೆ ಹೊಡೆಯುತ್ತಾರೆ. ಇಷ್ಟು ದಿನ ನಿಮಗೆ ಹೇಳಿರಲಿಲ್ಲ. ಗುರುವಾರ ಐದರಿಂದ ಆರು ಗಂಟೆವರೆಗೆ ವಿಡಿಯೋದಲ್ಲಿ ಅಮ್ಮನ ಜೊತೆ ಇರುತ್ತೀಯಾ? ಈ ತಿಂಗಳಿಂದ ಔಷಧಿ ತರಿಸುವುದು ನಿನ್ನದು. ಮುಂದಿನ ತಿಂಗಳು ಎರಡು ದಿನ ಬಾ, ಆ ಎರಡು ದಿನ ನಾನು ಮನೆಯಲ್ಲಿ ಇರುವುದಿಲ್ಲ." ಅವನು ಆಗಲ್ಲ ಅಂದರೆ ಅದನ್ನೂ ಇಲ್ಲಿ ಬರೆಯಿರಿ. ಅಕ್ಕಪಕ್ಕದವರು, ಅಮ್ಮನ ಸ್ನೇಹಿತೆಯರು, ಆಸ್ಪತ್ರೆಯ ಸಮಾಜ ಕಾರ್ಯಕರ್ತರು, ಯಾರನ್ನು ಯಾವ ಕೆಲಸಕ್ಕೆ ಕೇಳಬಹುದು ಎಂದು ಕೂತು ಪಟ್ಟಿ ಮಾಡೋಣ.