ದಪ್ಪ ಕಾರ್ಡು ಮಡಚಿದರೆ ಗೆರೆ ಬಿರಿಯುತ್ತದೆ, ಯಾವ ಉಪಕರಣ ಕೊಳ್ಳಲಿ?

ಕಡುಬಣ್ಣದ ಎ4 ಕಾರ್ಡು, ಮಧ್ಯಕ್ಕೆ ಮಡಚಿದ ಕೂಡಲೇ ಬೆನ್ನಿನ ಮೇಲೆ ಬಿಳಿ ಬಿರುಕು. ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನನ್ನ ಮಂಚದ ಕೆಳಗಿನ ರಟ್ಟಿನ ಪೆಟ್ಟಿಗೆ ನೆನಪಾಯಿತು. ಅದರಲ್ಲಿ ಇಂಥವೇ ಮುನ್ನೂರು ಇದ್ದವು.

ಸ್ನೇಹಿತನೊಬ್ಬ ಕವನ ಬರೆದಿದ್ದ. ಪುಟ್ಟ ಪುಸ್ತಕ, 48 ಪುಟ, 300 ಪ್ರತಿ. ಬೈಂಡಿಂಗ್‌ಗೆ ಯಾಕೆ ಹೊರಗೆ ಕೊಡ್ತೀಯ, ನಾನೇ ಮಾಡ್ತೀನಿ ಅಂದೆ. ಹನ್ನೆರಡು ಹಾಳೆ ಮಡಚಿ, ಒಂದರೊಳಗೊಂದು ಸೇರಿಸಿ, ಮಧ್ಯೆ ಎರಡು ಪಿನ್ ಹೊಡೆದರೆ ಮುಗೀತಲ್ವಾ? ಹೊದಿಕೆಗೆ ಅವನಿಗೆ ಕಡುನೀಲಿಯೇ ಬೇಕು. ಒಂದು ಮೈಗೆ ನೀಲಿ ಬಣ್ಣ ಬಳಿದ 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ಕಾರ್ಡು ಎರಡು ಅಳತೆಯಲ್ಲಿ ಸಿಗುತ್ತಿತ್ತು. ಎ3 ಇತ್ತು, ಕತ್ತರಿಸಿ ಕಟ್ಟಿಟ್ಟ ಎ4 ಇತ್ತು. 150 ಎ3 ಹಾಳೆ ತಂದು ಅರ್ಧಕ್ಕೆ ಕತ್ತರಿಸಿದರೂ ಆಗುತ್ತಿತ್ತು. ಯಾರು ಕತ್ತರಿಸ್ತಾ ಕೂರ್ತಾರೆ ಅಂತ ಎ4 ತಂದೆ. ತಪ್ಪು ಆಗಿದ್ದು ಅಲ್ಲಿಯೇ. ಆದರೆ ಅದು ಗೊತ್ತಾಗಿದ್ದು ಮುನ್ನೂರೂ ಹಾಳಾದ ಮೇಲೆ.

ಮೊದಲ ಹತ್ತು ಬಿರಿದಾಗ ನನ್ನ ಕೈ ಸರಿಯಿಲ್ಲ ಅಂದುಕೊಂಡೆ. ಮಡಿಕೆಯನ್ನು ಉಜ್ಜಿ ಕೂರಿಸುವ ಚಪ್ಪಟೆ ಪಟ್ಟಿ, ಬೋನ್ ಫೋಲ್ಡರ್ ತಂದೆ. ಒತ್ತಿ ಒತ್ತಿ ಮಡಚಿದೆ. ಬಿರುಕು ಇನ್ನೂ ಜಾಸ್ತಿ ಆಯ್ತು. ಉಕ್ಕಿನ ಸ್ಕೇಲಿಟ್ಟು, ಬರೆಯದ ಪೆನ್ನಿನಿಂದ ಗೆರೆ ಎಳೆದು ಮಡಚಿದೆ. ಬಿರುಕು ನೆಟ್ಟಗೆ ಬಂತು ಅಷ್ಟೇ. ಸೆಕೆ ಅಂದೆ, ಕಾಗದ ಕಳಪೆ ಅಂದೆ. ಹೀಗೇ ಒಂದೊಂದು ಉಪಾಯ ಮಾಡುತ್ತಾ ಮುನ್ನೂರೂ ಮುಗಿದವು. ಮಡಚುವ ಮಿಷನ್ ಬಾಡಿಗೆಗೆ ಸಿಗುತ್ತಾ ಅಂತ ಕೇಳಲು ಒಬ್ಬ ಹಿರಿಯ ಬೈಂಡರ್ ಹತ್ತಿರ ಹೋದೆ.

ಅವರು ಹೊದಿಕೆ ಎತ್ತಿ ನೋಡಿ, "ಯಾರಪ್ಪಾ ಇದನ್ನ ಅಡ್ಡಕ್ಕೆ ಮಡಚಿದ್ದು?" ಅಂದರು.

"ನಾನೇ ಸಾರ್. ಅಡ್ಡಕ್ಕೆ ಅಂದ್ರೆ?"

ಅವರು ಮಾತಾಡಲಿಲ್ಲ. ಹಳೆಯ ದಿನಪತ್ರಿಕೆ ತಗೊಂಡು ಮೇಲಿಂದ ಕೆಳಕ್ಕೆ ಹರಿದರು. ದಾರ ಹಿಡಿದಂತೆ ನೆಟ್ಟಗೆ ಹರಿಯಿತು. ಆಮೇಲೆ ಎಡದಿಂದ ಬಲಕ್ಕೆ ಹರಿದರು. ಎಲ್ಲೆಲ್ಲೋ ಓಡಿ, ಇಲಿ ಕಡಿದಂತೆ ಆಯ್ತು. "ಕಾಗದಕ್ಕೂ ಗ್ರೇನ್ ಇರತ್ತೆ ಕಣಪ್ಪಾ, ಮರಕ್ಕೆ ಇರಲ್ವಾ ಹಾಗೆ" ಅಂದರು.

ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಸರ ಮಾಡ್ಕೋಬೇಡಿ. ಕಾಗದದ ಮಿಷನ್ನಿಗೆ ಬರುವ ತಿರುಳಿನಲ್ಲಿ ನೂರಕ್ಕೆ 99 ಪಾಲು ನೀರೇ. ಅದು ಓಡುತ್ತಿರುವ ಜಾಲರಿಯ ಮೇಲೆ ಬೀಳುತ್ತದೆ. ನೀರು ಕೆಳಗೆ ಸೋರುತ್ತದೆ, ನಾರು ಮೇಲೆ ಉಳಿಯುತ್ತದೆ. ಹೊಳೆಯಲ್ಲಿ ಕಡ್ಡಿಗಳು ಹರಿವಿನ ಕಡೆ ಮುಖಮಾಡಿ ತೇಲುವುದನ್ನು ನೋಡಿದ್ದೀರಲ್ವಾ? ಹಾಗೆಯೇ ಹೆಚ್ಚಿನ ನಾರುಗಳು ಜಾಲರಿ ಓಡುವ ದಿಕ್ಕಿಗೆ ಮಲಗಿಬಿಡುತ್ತವೆ. ಒಣಗಿದ ಮೇಲೂ ಹಾಗೇ ಇರುತ್ತವೆ. ಬಿದಿರುಕಡ್ಡಿಯ ಪರದೆ ನೆನಪಿಸಿಕೊಳ್ಳಿ. ಕಡ್ಡಿಯ ಗುಂಟ ಸುಲಭವಾಗಿ ಸುತ್ತಿಕೊಳ್ಳುತ್ತದೆ. ಅಡ್ಡಕ್ಕೆ ಮಡಚಲು ಹೋದರೆ ಒಂದೊಂದೇ ಕಡ್ಡಿ ಲಟಕ್ಕೆಂದು ಮುರಿಯುತ್ತದೆ. ಮಡಿಕೆಯ ಗೆರೆ ನಾರಿನ ಗುಂಟ ಹೋದರೆ ನಾರುಗಳು ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ. ಅಡ್ಡ ಹೋದರೆ ಒಂದೊಂದೂ ಬಾಗಬೇಕು. ದಪ್ಪ ಕಾರ್ಡಿನ ಹೊರಮೈ ಅಷ್ಟು ಎಳೆತ ತಾಳುವುದಿಲ್ಲ. ಬಣ್ಣದ ಪದರ ಬಿರಿದು ಒಳಗಿನ ಬಿಳಿ ಕಾಣುತ್ತದೆ.

ಈಗ ನನ್ನ ಎ4 ನೋಡಿ. ಅಳತೆ 210 × 297 ಮಿಲಿಮೀಟರ್. ಕತ್ತರಿಸಿ ಮಾರುವ ಎ4ನಲ್ಲಿ ನಾರು ಸಾಮಾನ್ಯವಾಗಿ ಉದ್ದದ ಗುಂಟ, ಅಂದರೆ 297ರ ಕಡೆ. ಅದನ್ನು ಮಧ್ಯಕ್ಕೆ ಮಡಚಿದರೆ ಗೆರೆ ಬೀಳುವುದು 210ರ ಗುಂಟ. ಪೂರ್ತಿ ಅಡ್ಡ. ಅಲ್ಲಿ ಸಿಗುತ್ತಿದ್ದ ಎ3ಯಲ್ಲೂ ನಾರು ಉದ್ದಕ್ಕೇ, 420ರ ಕಡೆ. ಆದರೆ ಎ3ಯನ್ನು ಅರ್ಧಕ್ಕೆ ಕತ್ತರಿಸಿದರೆ ಆ 420 ಹೋಗಿ 210 ಆಗುತ್ತದೆ. ನಾರು ಈಗ ಚಿಕ್ಕ ಬದಿಯ ಗುಂಟ. ಮಡಿಕೆಯೂ ಚಿಕ್ಕ ಬದಿಯ ಗುಂಟ. ಕಾಗದ, ಬಣ್ಣ, ದಪ್ಪ ಯಾವುದೂ ಬದಲಾಗಿಲ್ಲ. 150 ಸಲ ಕತ್ತರಿ ಆಡಿಸಿದ್ದರೆ 300 ಹೊದಿಕೆ ಉಳಿಯುತ್ತಿದ್ದವು. ಆ ಲೆಕ್ಕ ಗೊತ್ತಾದ ರಾತ್ರಿ ನಿದ್ದೆ ಬರಲಿಲ್ಲ.

ಒಳಪುಟದ ಕಥೆಯೂ ಇದೇ. 80 ಜಿಎಸ್‌ಎಂ ಹಾಳೆ ಬಿರಿಯುವುದಿಲ್ಲ, ಸೇಡು ಬೇರೆ ರೀತಿ ತೀರಿಸಿಕೊಳ್ಳುತ್ತದೆ. ಮುಚ್ಚಿದ ಪುಸ್ತಕ ಮತ್ತೆ ಬಾಯಿ ತೆರೆಯುತ್ತದೆ. ಅಂಟು ಹಾಕಿ ಕಟ್ಟುವ ಪುಸ್ತಕವಾದರೆ ಇನ್ನೂ ಕಷ್ಟ. ನಾರು ನೀರು ಕುಡಿದಾಗ ಉದ್ದಕ್ಕೆ ಅಷ್ಟೇನೂ ಹಿಗ್ಗುವುದಿಲ್ಲ, ಅಗಲಕ್ಕೆ ಊದಿಕೊಳ್ಳುತ್ತದೆ. ದಿಕ್ಕು ತಪ್ಪಿದ್ದರೆ ಬೆನ್ನಿನ ಹತ್ತಿರ ಪುಟಗಳು ಅಲೆ ಅಲೆಯಾಗಿ ಏಳುತ್ತವೆ.

ಆದ್ದರಿಂದ, ಯಾವ ಉಪಕರಣ ಅಂದರೆ, ಯಾವುದೂ ಬೇಡ. ಕೊಂಡ ಬೋನ್ ಫೋಲ್ಡರ್ ನನ್ನ ಹತ್ತಿರ ಈಗಲೂ ಇದೆ, ಒಳ್ಳೆಯದೇ. ಆದರೆ ಚಮಚದ ಬೆನ್ನಿನಿಂದಲೂ ಅದೇ ಕೆಲಸ ಆಗುತ್ತದೆ. ಮೊದಲು ಕಾಗದದ ದಿಕ್ಕು ನೋಡುವುದನ್ನು ಕಲಿಯಿರಿ. ಹಾಳೆಯನ್ನು ಮಡಚದೆ ಸುಮ್ನೆ ಬಾಗಿಸಿ, ಅಂಗೈಯಲ್ಲಿ ಮೆಲ್ಲಗೆ ಒತ್ತಿ. ಒಂದು ಕಡೆ ಮೆತ್ತಗೆ ಬಗ್ಗುತ್ತದೆ, ಇನ್ನೊಂದು ಕಡೆ ಎದುರು ತಳ್ಳುತ್ತದೆ. ಮೆತ್ತಗೆ ಬಗ್ಗಿದಾಗ ಮಡಿಕೆ ಬೀಳುವಂತಿರುವ ಗೆರೆಯೇ ನಾರಿನ ಗೆರೆ. ಅನುಮಾನವಿದ್ದರೆ ಚಿಕ್ಕ ಚೂರು ಕತ್ತರಿಸಿ ಒಂದು ಮೈ ಮಾತ್ರ ಒದ್ದೆ ಮಾಡಿ. ಕೊಳವೆಯಂತೆ ಸುರುಳಿಯಾಗುತ್ತದೆ. ಕೊಳವೆ ಯಾವ ಕಡೆ ಉದ್ದ ಮಲಗಿದೆಯೋ ನಾರೂ ಆ ಕಡೆಗೇ. ಈ ಪರೀಕ್ಷೆ ನನಗೆ ಸುಳ್ಳು ಹೇಳಿದ್ದೇ ಇಲ್ಲ. ಕೈಯಿಂದ ಎತ್ತಿ ಮಾಡಿದ ಕಾಗದದಲ್ಲಿ ಮಾತ್ರ ದಿಕ್ಕು ಅಷ್ಟಾಗಿ ಇರುವುದಿಲ್ಲ.

ದಪ್ಪ ಕಾರ್ಡಿಗೆ ಕ್ರೀಸ್ ಹಾಕಲೇಬೇಕು, ಅಂದರೆ ಮಡಚುವ ಮೊದಲೇ ಅಲ್ಲಿ ಗೆರೆ ಒತ್ತಬೇಕು, ಅದು ನಿಜ. ಇಲ್ಲಿ ಬಹಳ ಜನ ಉಲ್ಟಾ ಮಾಡುತ್ತಾರೆ. ಒತ್ತಿದ ಕಡೆ ಹಳ್ಳ ಬೀಳುತ್ತದೆ, ಹಿಂಬದಿಯಲ್ಲಿ ಸಣ್ಣ ಉಬ್ಬು ಏಳುತ್ತದೆ. ಹಳ್ಳದ ಕಡೆಗೇ ಮಡಚಬೇಕು ಅಂತ ಅನ್ನಿಸುತ್ತದೆ. ಹಾಗಲ್ಲ, ಉಬ್ಬು ಮಡಿಕೆಯ ಒಳಗೆ ಬರಬೇಕು. ಒತ್ತಿದಾಗ ಕಾರ್ಡಿನ ಪದರಗಳು ಒಂದಕ್ಕೊಂದು ಬಿಟ್ಟುಕೊಂಡಿರುತ್ತವೆ. ಮಡಚಿದಾಗ ಅವು ಒಳಗೆ ಉಬ್ಬಿಕೊಳ್ಳುತ್ತವೆ, ಹೊರಮೈಗೆ ಎಳೆತ ಕಡಿಮೆ ಆಗುತ್ತದೆ.

ನೀವು ಕೊನೆಯಲ್ಲಿ ಇನ್ನೊಂದು ಮಾತು ಬರೆದಿದ್ದೀರಿ: ಕಾಗದ ಮಡಚುವುದು ಬಂದರೆ ಬಟ್ಟೆ, ತಗಡು ಎಲ್ಲಾ ಬಂದಂತೆ, ಎಲ್ಲಾ ಕೈಚಳಕ ತಾನೇ ಅಂತ. ಇದನ್ನು ನಾನು ಒಪ್ಪುವುದಿಲ್ಲ. ಬೈಂಡರ್ ಕಲಿಸಿದ ಪಾಠದ ಗುಂಗಿನಲ್ಲಿ ಒಂದು ಅಲ್ಯೂಮಿನಿಯಂ ತಗಡಿಗೂ ಅದೇ ನಿಯಮ ಹಾಕಿದೆ. ತಗಡಿನ ಮೇಲೆ ರೋಲರ್ ಓಡಿದ ಗೆರೆಗಳು ಕಾಣುತ್ತವಲ್ಲ, ಅವುಗಳ ಗುಂಟ ಮಡಚಿದೆ. ಮೂಲೆ ಬಿರಿಯಿತು! ತಗಡಿನಲ್ಲಿ ಲೆಕ್ಕ ಉಲ್ಟಾ. ರೋಲರ್ ಕೆಳಗೆ ಲೋಹದ ಕಣಗಳು, ಅದರೊಳಗಿನ ಕಲ್ಮಷ, ಎಲ್ಲಾ ಉದ್ದಕ್ಕೆ ಎಳೆದುಕೊಂಡಿರುತ್ತವೆ. ಅವುಗಳ ಗುಂಟ ಮಡಚಿದರೆ ಆ ಗೆರೆಗಳೇ ಬಾಯಿ ಬಿಡುತ್ತವೆ. ಅಡ್ಡಕ್ಕೆ ಮಡಚಿದರೆ ತಾಳುತ್ತದೆ. ಮಡಿಕೆಯ ಒಳಬದಿ ತೀರಾ ಚೂಪಾಗದೆ ಸ್ವಲ್ಪ ದುಂಡಗಿರಬೇಕು, ಅದು ಬೇರೆ.

ಬಟ್ಟೆಯದು ಇನ್ನೊಂದು ದಾರಿ. ಅಲ್ಲಿ ಹಾಸು, ಹೊಕ್ಕು ಎರಡೂ ಇವೆ. ಎರಡರಲ್ಲಿ ಯಾವುದರ ಗುಂಟ ಮಡಚಿದರೂ ನೆರಿಗೆ ನಿಲ್ಲುತ್ತದೆ. ಓರೆಗೆ ಮಡಚಿದರೆ ಬಟ್ಟೆ ಹಿಗ್ಗಿ ಜೋಲುತ್ತದೆ, ಇಸ್ತ್ರಿ ಎಷ್ಟು ಉಜ್ಜಿದರೂ ಅಷ್ಟೇ. ಒಂದಕ್ಕೊಂದು ತಾಗುವಂತೆ ನೆರಿಗೆ ಹಿಡಿದರೆ ಮೂರು ಪಾಲು ಬಟ್ಟೆ ಬೇಕು, ಕಾಣುವುದು ಒಂದು ಪಾಲು.

ಆಮೇಲೆ ಮಡಿಕೆ ಅಂದರೆ ದಪ್ಪವೂ ಹೌದು. ಇಮ್ಮಡಿ, ಮುಮ್ಮಡಿ ಅನ್ನುವಾಗ ಒಳಗೆ ಮಡಿ ಇದ್ದೇ ಇದೆಯಲ್ವಾ? ನನ್ನ ಹನ್ನೆರಡು ಹಾಳೆಗಳಲ್ಲಿ ಒಳಗಿನದು ಹೊರಗಿನದಕ್ಕಿಂತ ಮಿಲಿಮೀಟರಿಗೂ ಹೆಚ್ಚು ಮುಂದೆ ಚಾಚಿಕೊಂಡಿತ್ತು. ಪ್ರತಿ ಮಡಿಕೆಯ ತಿರುವಿನಲ್ಲೂ ಸ್ವಲ್ಪ ಕಾಗದ ಹೋಗುತ್ತದೆ. ಕಾಗದವನ್ನು ಏಳೆಂಟು ಸಲಕ್ಕಿಂತ ಹೆಚ್ಚು ಮಡಚಲು ಬರುವುದಿಲ್ಲ ಅನ್ನುವ ಮಾತು ಹುಟ್ಟಿದ್ದೂ ಇದರಿಂದಲೇ. 2002ರಲ್ಲಿ ಅಮೆರಿಕದ ಶಾಲಾ ವಿದ್ಯಾರ್ಥಿನಿ ಬ್ರಿಟ್ನಿ ಗ್ಯಾಲಿವನ್ ಹನ್ನೆರಡು ಸಲ ಮಡಚಿ ತೋರಿಸಿದಳು. ಮೊದಲು ಕೂತು ಎಷ್ಟು ಕಾಗದ ತಿರುವಿಗೇ ಹೋಗುತ್ತದೆ ಅಂತ ಲೆಕ್ಕ ಹಾಕಿದಳು. ಆಮೇಲೆ ಸುಮಾರು 1.2 ಕಿಲೋಮೀಟರ್ ಉದ್ದದ ಟಾಯ್ಲೆಟ್ ಪೇಪರ್ ಹಾಸಿದಳು. ಕೊನೆಗೆ 4096 ಪದರ. ಅದರಲ್ಲಿ ಕೈಚಳಕಕ್ಕಿಂತ ಲೆಕ್ಕ ಜಾಸ್ತಿ.

ಕೈಯೇ ಇಲ್ಲದವರು ಮಡಚುವುದನ್ನು ನೋಡಬೇಕೆಂದರೆ ತಾಳೆಜಾತಿಯ ಗಿಡದ ಸುಳಿ ನೋಡಿ. ಗರಿ ಹುಟ್ಟುವಾಗಲೇ ನೆರಿಗೆ ನೆರಿಗೆ, ಬೀಸಣಿಗೆ ಮುಚ್ಚಿಟ್ಟಂತೆ. ಬಿಚ್ಚಿಕೊಂಡ ಮೇಲೆ ಹರಿಯುವುದೂ ಆ ನೆರಿಗೆಯ ಗುಂಟವೇ. ಗಸಗಸೆ ಹೂವಿನದು ಇದಕ್ಕೆ ತದ್ವಿರುದ್ಧ. ಅದರ ಎಸಳು ಮೊಗ್ಗಿನೊಳಗೆ ಕ್ರಮವೇ ಇಲ್ಲದೆ ಮುದುರಿಕೊಂಡಿರುತ್ತದೆ, ಅರಳಿ ಸ್ವಲ್ಪ ಹೊತ್ತಿನಲ್ಲಿ ಸುಕ್ಕು ಮಾಯ. ಎಸಳು ಅಷ್ಟು ತೆಳುವಾಗಿರುವುದರಿಂದ ನಡೆಯುತ್ತದೆ, ನಿಮ್ಮ ಕಾರ್ಡಿಗೆ ಆ ಭಾಗ್ಯವಿಲ್ಲ. ಬಾಲದಲ್ಲಿ ಚಿಮಟದಂಥ ಕೊಂಡಿ ಇರುವ ಇಯರ್‌ವಿಗ್ ಹುಳುವಿನ ರೆಕ್ಕೆ ಬಿಚ್ಚಿದರೆ ಮಡಚಿದ್ದಕ್ಕಿಂತ ಹತ್ತು ಪಟ್ಟಿಗೂ ದೊಡ್ಡದು. ಅದರ ಕೀಲುಗಳಲ್ಲಿ ರಬ್ಬರಿನಂಥ ವಸ್ತು ಇದೆ, ಸ್ಪ್ರಿಂಗಿನ ಹಾಗೆ ತಾನೇ ಮಡಚಿಕೊಳ್ಳುತ್ತದೆ. ಜಪಾನಿನ ಕೋರ್ಯೋ ಮಿಉರಾ ಕಂಡುಹಿಡಿದ ಮಡಿಕೆಯಲ್ಲಂತೂ ಎರಡು ಮೂಲೆ ಹಿಡಿದು ಎಳೆದರೆ ಇಡೀ ಹಾಳೆ ಒಮ್ಮೆಗೇ ಬಿಚ್ಚುತ್ತದೆ. ನಕ್ಷೆಗೂ ಆಯ್ತು, 1995ರಲ್ಲಿ ಹಾರಿದ ಜಪಾನಿನ ಬಾಹ್ಯಾಕಾಶ ನೌಕೆಯ ಸೌರಫಲಕಕ್ಕೂ ಆಯ್ತು. ಅದನ್ನೊಮ್ಮೆ ತೆಳುಕಾಗದದಲ್ಲಿ ಮಾಡಿ ನೋಡಿ, ಮಜಾ ಇದೆ.

ನನ್ನ ವಿಷಯಕ್ಕೆ ಬರುತ್ತೇನೆ. ಸ್ನೇಹಿತನಿಗೆ ಹೇಳಿದೆ, ಎ3 ತಂದು ಕತ್ತರಿಸಿ ಮತ್ತೆ ಮಾಡಿಕೊಟ್ಟೆ, ನನ್ನ ಕೈಯಿಂದಲೇ ದುಡ್ಡು. ಪುಸ್ತಕ ಬರುವುದು ತಿಂಗಳು ತಡವಾಯಿತು. ಹಾಳಾದ ನೀಲಿ ಹೊದಿಕೆಗಳನ್ನು ಮಂಚದ ಕೆಳಗೆ ತಳ್ಳಿದೆ. ಸುಮಾರು ಅರ್ಧ ರದ್ದಿಗೆ ಹೋದವು. ತುಂಬಾ ದಿನ ಆದ ಮೇಲೆ ಯಾವುದಕ್ಕೋ ಒಂದನ್ನು ಎತ್ತಿಕೊಂಡು, ಬಿರಿದ ಗೆರೆಯ ಮೇಲೆಯೇ ಕತ್ತರಿಸಿದೆ. ಕೈಗೆ ಎರಡು ಎ5 ತುಂಡು ಬಂದವು. ಒಂದನ್ನು ಸುಮ್ನೆ ಮಧ್ಯಕ್ಕೆ ಮಡಚಿದೆ. ಬೆಣ್ಣೆಯ ಹಾಗೆ ಮಡಚಿಕೊಂಡಿತು, ಒಂದು ಬಿರುಕಿಲ್ಲ. 297 ಅರ್ಧವಾಗಿ 148 ಆಗಿತ್ತು, ನಾರು ಈಗ ಚಿಕ್ಕ ಬದಿಯ ಗುಂಟ ಇತ್ತು!

ಅಂದರೆ ನಿಮ್ಮ ಹತ್ತಿರ ಉಳಿದಿರುವ ಎ4 ಕಾರ್ಡುಗಳನ್ನು ಎಸೆಯಬೇಡಿ. ಮೊದಲು ಬಾಗಿಸಿ ದಿಕ್ಕು ನೋಡಿ. ನಾರು ಉದ್ದಕ್ಕಿದ್ದರೆ ಮಡಚಬೇಕೆಂದಿದ್ದ ಜಾಗದಲ್ಲೇ ಕತ್ತರಿಸಿ, ಅಂಗೈಯಗಲದ ಚಿಕ್ಕ ಕಾರ್ಡು ಮಾಡಿ. ಒಂದಕ್ಕೆ ಎರಡು ಸಿಗುತ್ತವೆ. ದೊಡ್ಡದೇ ಬೇಕೆಂದರೆ ನಾರು ಉದ್ದಕ್ಕಿರುವ ಎ3 ತನ್ನಿ, ಕತ್ತರಿ ಹಿಡಿದು ಕೂತುಕೊಳ್ಳಿ.