ತೂಕ ಇಳಿಸಲು ಜೀನ್ (ವಂಶವಾಹಿ) ಪರೀಕ್ಷೆ ಮಾಡಿ ಕೊಡುವ ‘ನಿಮಗಾಗಿಯೇ’ ಡಯಟ್ ಪ್ಲಾನ್‌ಗೆ ದುಡ್ಡು ಹಾಕಬಹುದೇ?

ನಾನಾದರೆ ಹಾಕುವುದಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. 609 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೊಬ್ಬು ಕಡಿಮೆ ಇರುವ ಊಟ, ಇನ್ನೊಂದಕ್ಕೆ ಕಾರ್ಬೋಹೈಡ್ರೇಟ್ ಕಡಿಮೆ ಇರುವ ಊಟ. ವರ್ಷದ ಕೊನೆಗೆ ಇಳಿದದ್ದು ಸರಾಸರಿ 5.3 ಮತ್ತು 6 ಕೆ.ಜಿ., ಹೆಚ್ಚುಕಡಿಮೆ ಒಂದೇ. ಯಾರ ಜೀನ್‌ಗೆ ಯಾವ ಊಟ ಒಗ್ಗುತ್ತದೆ ಎಂಬ ಲೆಕ್ಕಾಚಾರ ಕೈಕೊಟ್ಟಿತು. ಒಂದೇ ಗುಂಪಿನೊಳಗೆ ಕೆಲವರು ಬಹಳ ಇಳಿದರು, ಕೆಲವರು ಏರಿದರು ಕೂಡ!

ಹಾಗಂತ ವೈಯಕ್ತಿಕ ಯೋಜನೆಯೇ ಸುಳ್ಳಲ್ಲ. ರಾತ್ರಿ ಪಾಳಿಯವರಿಗೆ ಊಟದ ಹೊತ್ತು ಬದಲಿಸುವುದು, ಮುದ್ದೆ ಬಿಡಲಾರದವರಿಗೆ ಮುದ್ದೆ ಸಣ್ಣದು ಮಾಡಿ ಸೊಪ್ಪು, ಕಾಳು ಹೆಚ್ಚಿಸುವುದು, ಮಂಡಿನೋವಿದ್ದರೆ ಓಟದ ಬದಲು ಈಜು: ನಿಜವಾದ ‘ನಿಮಗಾಗಿ’ ಇದು. ಶೇ. 5ರಿಂದ 10ರಷ್ಟು ತೂಕ ಇಳಿದರೂ ಸಾಮಾನ್ಯವಾಗಿ ಬಿಪಿ, ಶುಗರ್ ಸುಧಾರಿಸುತ್ತವೆ. ಮನಸ್ಸಿನ ಮಾತು ಬೇರೆ. ದಿನಾ ತೂಕ ನೋಡಿ ಕೊರಗುವುದು, ಮದುವೆಮನೆಯ ಹೋಳಿಗೆಗೂ ಹೆದರುವುದು ಶುರುವಾದರೆ ಆ ಯೋಜನೆ ಬಿಡಿ.

ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಮೊದಲು ವೈದ್ಯರನ್ನು ಕೇಳಿ. ಊಟ ಕಡಿಮೆಯಾದರೆ ಶುಗರ್ ತೀರಾ ಕುಸಿಯಬಹುದು.