ಹಾಲ್ ಸೀಲಿಂಗ್ ಒದ್ದೆ ಆಗಿದೆ ಅಂದವರಿಗೆ: ಟೈಲ್ಸ್ ಒಡೆಸುವ ಮೊದಲು ಇಷ್ಟು ಮಾಡಿ

ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ಗೃಹಪ್ರವೇಶ ಆಗಿ ಐದು ತಿಂಗಳು, ಮೇಲಿನ ಬಾತ್ರೂಮಿನ ಕೆಳಗೆ ಹಾಲ್ ಸೀಲಿಂಗಿನಲ್ಲಿ ಹಳದಿ ಕಲೆ, ಪುಟ್ಟಿ ಉಬ್ಬಿದೆ. ಕಂಟ್ರಾಕ್ಟರ್ "ಹೊಸ ಮನೆ, ಒಣಗುತ್ತೆ ಬಿಡಿ" ಅಂತಾನೆ, ಪೇಂಟರ್ ಡ್ಯಾಂಪ್ ಪೇಂಟ್ ಹೊಡೆಯೋಣ ಅಂತಾನೆ, ಪ್ಲಂಬರ್ ಬಾತ್ರೂಮ್ ಪೂರ್ತಿ ಒಡೆಯಬೇಕು ಅಂತಾನೆ. ಸದ್ಯಕ್ಕೆ ಮೂವರಿಗೂ ಬೇಡ ಅನ್ನಿ. ನೀರು ಎಲ್ಲಿಂದ ಬರುತ್ತಿದೆ ಅಂತ ಮೂವರಿಗೂ ಇನ್ನೂ ಗೊತ್ತಿಲ್ಲ.

ನಮ್ಮದು ಶಿವಮೊಗ್ಗ. ನಮಗೂ ಇದೇ ಆಗಿತ್ತು. ಫ್ಲೋರ್ ಹೋಗಿದೆ ಅಂತ ನಂಬಿ ಬಾತ್ರೂಮಿನ ಟೈಲ್ಸ್ ಎಲ್ಲಾ ಒಡೆಸಿ, ಹೊಸದಾಗಿ ವಾಟರ್‌ಪ್ರೂಫಿಂಗ್ ಮಾಡಿಸಿದೆವು. ಒಂದು ತಿಂಗಳಿಗೆ ಅದೇ ಜಾಗದಲ್ಲಿ ಅದೇ ಕಲೆ. ಕೊನೆಗೆ ಸಿಕ್ಕಿದ್ದು ಗೋಡೆಯೊಳಗೆ, ಶವರ್ ಮಿಕ್ಸರಿನ ಹಿಂದೆ. ಹಿತ್ತಾಳೆ ಥ್ರೆಡ್ ಇರುವ ಎಲ್ಬೋವನ್ನು (ಪೈಪು ತಿರುಗುವಲ್ಲಿ ಹಾಕುವ ಜೋಡಣೆ) ಜಾಸ್ತಿ ಬಿಗಿ ಮಾಡಿ ಕೂದಲೆಳೆಯಷ್ಟು ಸೀಳಿತ್ತು. ಎರಡೇ ಎರಡು ಟೈಲ್ಸ್ ತೆಗೆದಿದ್ದರೆ ಮುಗಿಯುತ್ತಿತ್ತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಒಂದು ಎಚ್ಚರಿಕೆ. ಕಲೆಯ ಹತ್ತಿರ ಫ್ಯಾನ್ ಅಥವಾ ಲೈಟ್ ಪಾಯಿಂಟ್ ಇದ್ದರೆ ಆ ಸರ್ಕ್ಯೂಟಿನ ಎಂಸಿಬಿ ಇವತ್ತೇ ಆಫ್ ಮಾಡಿ. ಸ್ಲ್ಯಾಬಿನೊಳಗಿನ ವೈರಿಂಗ್ ಪೈಪಿನಲ್ಲಿ ನೀರು ಹರಿದು ಫ್ಯಾನ್ ಬಾಕ್ಸಿನಲ್ಲಿ ತೊಟ್ಟಿಕ್ಕುವುದು ಮಾಮೂಲಿ. ಅದೇ ಕಾರಣಕ್ಕೆ ಕಲೆ ಇರುವ ಜಾಗದ ನೇರ ಮೇಲೇ ಲೀಕ್ ಇರಬೇಕು ಅಂತಿಲ್ಲ, ನಾಲ್ಕೈದು ಅಡಿ ಆಚೆಗೂ ಇರಬಹುದು.

ಈಗ ಪೆನ್ಸಿಲ್ ತಗೊಂಡು ಕಲೆಯ ಅಂಚಿಗೆ ಸುತ್ತ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ, ಫೋಟೋ ತೆಗೆಯಿರಿ. ಕಂಟ್ರಾಕ್ಟರ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ಹೊಸ ಕಾಂಕ್ರೀಟು, ಗಾರೆಯಲ್ಲಿ ಕ್ಯೂರಿಂಗ್ ನೀರು ತಿಂಗಳುಗಟ್ಟಲೆ ಇರುತ್ತದೆ. ಆದರೆ ಅದು ಒಣಗುತ್ತಾ ಹೋಗಬೇಕು, ಗೆರೆ ದಾಟಿ ಬೆಳೆಯಬಾರದು. ಬೆಳೆದರೆ ಅದು ಲೀಕೇ.

ಆಮೇಲೆ ಆ ಬಾತ್ರೂಮನ್ನು ಒಂದು ವಾರ ಬೀಗ ಹಾಕಿದ ಹಾಗೆ ಬಿಟ್ಟುಬಿಡಿ. ಸ್ನಾನ, ಫ್ಲಶ್ ಏನೂ ಬೇಡ. ಆದರೆ ಟ್ಯಾಂಕಿನಿಂದ ಬರುವ ವಾಲ್ವ್ ಮಾತ್ರ ಮುಚ್ಚಬೇಡಿ. ಇಡೀ ಪತ್ತೆ ಕೆಲಸದ ಕೀಲಿ ಇಲ್ಲಿದೆ. ಹೀಗೆ ಬಿಟ್ಟಾಗ ಸಪ್ಲೈ ಪೈಪಿನಲ್ಲಿ ನೀರಿನ ಒತ್ತಡ ಇರುತ್ತದೆ, ಡ್ರೈನ್ ಪೈಪು ಮತ್ತು ನೆಲ ಖಾಲಿ ಇರುತ್ತವೆ. ಕಲೆ ಬೆಳೆಯುತ್ತಲೇ ಹೋದರೆ ತಪ್ಪು ಸಪ್ಲೈ ಪೈಪಿನದು, ನಿಧಾನಕ್ಕೆ ಒಣಗಿದರೆ ನೆಲದ್ದೋ ಡ್ರೈನಿನದ್ದೋ. ನಿಧಾನಕ್ಕೆ ಯಾಕೆ ಅಂದರೆ ಬಾತ್ರೂಮಿನ ಸ್ಲ್ಯಾಬ್ ಸಾಮಾನ್ಯವಾಗಿ ಎಂಟು ಇಂಚಿನಿಂದ ಒಂದಡಿ ತಗ್ಗಿಸಿ ಹಾಕಿರುತ್ತಾರೆ, ಮೇಲೆ ಇಟ್ಟಿಗೆ ಚೂರು ತುಂಬಿರುತ್ತಾರೆ. ಒಮ್ಮೆ ಅದರಲ್ಲಿ ನೀರು ನಿಂತರೆ ನೀವು ನಲ್ಲಿ ಮುಚ್ಚಿದ ಮೇಲೂ ಎಷ್ಟೋ ದಿನ ಜಿನುಗುತ್ತಾ ಇರುತ್ತದೆ. ಎರಡೇ ದಿನಕ್ಕೆ ತೀರ್ಮಾನಕ್ಕೆ ಬರಬೇಡಿ.

ಸಪ್ಲೈ ಮೇಲೆ ಅನುಮಾನ ಬಂದರೆ ಪ್ರೆಷರ್ ಟೆಸ್ಟ್ ಮಾಡಿಸಿ. ಗೀಸರ್ ಬಿಚ್ಚಿ, ಅದರ ಬಿಸಿ ತಣ್ಣೀರಿನ ಎರಡು ಪಾಯಿಂಟುಗಳನ್ನು ಒಂದು ಹೋಸಿನಲ್ಲಿ ಕೂಡಿಸಿ, ಕೈಪಂಪು ಮತ್ತು ಗೇಜ್ ಹಾಕಿ ಒತ್ತಡ ಏರಿಸಿ, ಮುಳ್ಳು ಇಳಿಯುತ್ತದಾ ಅಂತ ಒಂದೆರಡು ಗಂಟೆ ನೋಡಬೇಕು. ಪೈಪು ಗೋಡೆಯಲ್ಲಿ ಮುಚ್ಚುವ ಮೊದಲೇ ಮಾಡಬೇಕಿದ್ದ ಕೆಲಸ ಇದು, ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಾಡೋದೇ ಇಲ್ಲ. ಟ್ಯಾಂಕಿನ ನೀರು ಹತ್ತು ಮೀಟರ್ ಎತ್ತರದಿಂದ ಬಂದರೂ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಅಷ್ಟೇ. ಮೇಲಿನ ಮಹಡಿಗೆ ಇನ್ನೂ ಕಡಿಮೆ. ಹಾಗಾಗಿ ಸಣ್ಣ ಸೀಳು ಶುರುವಿನಲ್ಲಿ ಗೊತ್ತೇ ಆಗುವುದಿಲ್ಲ, ಐದಾರು ತಿಂಗಳಿಗೆ ಕಲೆಯಾಗಿ ಕಾಣುತ್ತದೆ.

ನೆಲ ಅಂತ ಅನುಮಾನ ಬಂದರೆ ನೀರು ನಿಲ್ಲಿಸಿ ನೋಡಿ. ಫ್ಲೋರ್ ಟ್ರ್ಯಾಪಿಗೆ (ನೆಲದ ನೀರು ಹೊರಹೋಗುವ ಕಂಡಿ) ಪ್ಲಾಸ್ಟಿಕ್ ಕವರಿನಲ್ಲಿ ಬಟ್ಟೆ ಸುತ್ತಿ ಗಟ್ಟಿಯಾಗಿ ತುರುಕಿ, ಬಾಗಿಲಲ್ಲಿ ಗಾರೆಯ ಸಣ್ಣ ಕಟ್ಟೆ ಮಾಡಿ, ಎರಡು ಇಂಚು ನೀರು ನಿಲ್ಲಿಸಿ ಗೋಡೆ ಮೇಲೆ ಗುರುತು ಹಾಕಿ. ಪಕ್ಕದಲ್ಲೇ ಒಂದು ಬೇಸಿನ್‌ನಲ್ಲೂ ಅಷ್ಟೇ ನೀರಿಡಿ, ಆವಿಯಾಗಿ ಎಷ್ಟು ಹೋಗುತ್ತದೆ ಅಂತ ತಿಳಿಯಲು. 48 ಗಂಟೆ ಬಿಟ್ಟು ನೋಡಿ. ನೆಲದ ನೀರು ಬೇಸಿನ್‌ಗಿಂತ ಜಾಸ್ತಿ ಇಳಿದಿದ್ದರೆ ಗ್ರೌಟ್ (ಟೈಲ್ಸ್ ಸಂದಿಗೆ ತುಂಬುವ ಗಾರೆ) ಅಥವಾ ಟ್ರ್ಯಾಪಿನ ಸುತ್ತ ದಾರಿ ಇದೆ. ಇಳಿಯದಿದ್ದರೆ ಡ್ರೈನ್ ಪೈಪು ನೋಡಲು ಬಟ್ಟೆ ತೆಗೆದು, ನೆಲ ಒರೆಸಿ ಒಣಗಿಸಿ, ಪೈಪ್ ಹಿಡಿದು ಟ್ರ್ಯಾಪಿನೊಳಗೇ ನಾಲ್ಕೈದು ಬಕೆಟ್ ಬಿಡಿ. ಕಮೋಡನ್ನೂ ಬೇರೆಯಾಗಿ ಹತ್ತು ಸಲ ಫ್ಲಶ್ ಮಾಡಿ ನೋಡಿ. ನೀರಿಗೆ ಬಟ್ಟೆಯ ನೀಲಿ ಹಾಕಬಹುದು. ಕೆಳಗೆ ಬಣ್ಣ ಕಂಡರೆ ಖಾತ್ರಿ, ಕಾಣದಿದ್ದರೆ ಲೀಕ್ ಇಲ್ಲ ಅಂತಲ್ಲ, ಕಾಂಕ್ರೀಟು ಬಣ್ಣ ಹೀರಿಕೊಂಡಿರಬಹುದು.

ರಿಪೇರಿ ಏನು ಅನ್ನೋದು ಲೀಕ್ ಎಲ್ಲಿ ಸಿಕ್ಕಿತು ಅನ್ನೋದರ ಮೇಲೆ ನಿಂತಿದೆ. ಗ್ರೌಟ್ ಮಾತ್ರ ಹೋಗಿದ್ದರೆ ಹಳೆಯದನ್ನು ಕೆರೆದು ತೆಗೆದು ಎಪಾಕ್ಸಿ ಗ್ರೌಟ್ ತುಂಬಿದರೆ ಸಾಕು. ಟ್ರ್ಯಾಪಿನ ಸುತ್ತ ಆದರೆ ಅಷ್ಟು ಜಾಗ ಮಾತ್ರ ಬಿಚ್ಚಿ ಕುಗ್ಗದ ಗ್ರೌಟ್ ಹಾಕಿಸಿ. ಕೆಳಗಿನ ಸೀಲಿಂಗಿಗೆ ಪೂರ್ತಿ ಒಣಗುವವರೆಗೂ ಪುಟ್ಟಿ ಮುಟ್ಟಿಸಬೇಡಿ. ಒದ್ದೆ ಮೇಲೆ ಡ್ಯಾಂಪ್ ಪೇಂಟ್ ಹೊಡೆದರೆ ನೀರು ಒಳಗೇ ಉಳಿದು ಕಂಬಿ ತುಕ್ಕು ಹಿಡಿಯುತ್ತದೆ, ಅಲ್ವಾ?

ಖರ್ಚು ಯಾರದ್ದು ಅಂತಲೂ ಕೇಳಿದ್ದೀರಿ. ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆದ ಪ್ರಾಜೆಕ್ಟಿನಲ್ಲಿ ಕೊಂಡಿದ್ದರೆ, 2016ರ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಸ್ವಾಧೀನ ಕೊಟ್ಟ 5 ವರ್ಷದೊಳಗೆ ಇಂಥ ದೋಷ ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ದುಡ್ಡು ಕೇಳದೆ ಸರಿ ಮಾಡಿಕೊಡಬೇಕು. ನಿಮ್ಮ ಸೈಟಿನಲ್ಲಿ ಕಂಟ್ರಾಕ್ಟರಿಂದ ಕಟ್ಟಿಸಿದ್ದರೆ ಅಗ್ರಿಮೆಂಟ್ ತೆಗೆದು ನೋಡಿ. ಏನೇ ಇರಲಿ, ಫೋನಿನಲ್ಲಿ ಹೇಳಿ ಬಿಡಬೇಡಿ. ಫೋಟೋ, ತಾರೀಖಿನ ಸಮೇತ ವಾಟ್ಸಾಪಿನಲ್ಲೂ ಬರವಣಿಗೆಯಲ್ಲೂ ಕೊಡಿ. ಕೊಡಬೇಕಾದ ಕೊನೆಯ ಕಂತು ಬಾಕಿ ಇದ್ದರೆ ಟೆಸ್ಟ್ ಮುಗಿಯುವವರೆಗೆ ಕೈಯಲ್ಲೇ ಇರಲಿ.

ಪೆನ್ಸಿಲ್ ಗೆರೆಯ ಫೋಟೋ ಇಲ್ಲೇ ಹಾಕಿ, ಒಂದು ವಾರ ಆದ ಮೇಲಿನದ್ದೂ ಹಾಕಿ. ಗೀಸರ್, ಶವರ್ ಯಾವ ಗೋಡೆಗಿವೆ, ಕಲೆ ಅದಕ್ಕೆ ಎಷ್ಟು ಹತ್ತಿರ ಅಂತಲೂ ತಿಳಿಸಿ.